ಚಕ್ಕೆ ಓದುವ ಊರು

"ಗುರುಗಳೇ, ಇಬ್ಬರು ಗೆಳೆಯರು ಮಾತು ಬಿಟ್ಟಿದ್ದರೆ ಮೊದಲು ಯಾರು ಹೋಗಬೇಕು?" ಎಂದು ಶಿಷ್ಯ ಕೇಳಿದ.

"ಬಿಟ್ಟವರು ಯಾರು?" ಎಂದರು ಗುರು.

ಶಿಷ್ಯನ ಹೆಸರು ನಿಜಗುಣ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ. ಸೋಮವಾರ ಸಂಜೆ ತಪ್ಪದೆ ಮಠಕ್ಕೆ ಬರುತ್ತಿದ್ದ. ತಾನೂ ತನ್ನ ಗೆಳೆಯ ಭರಮೇಶನೂ ಐದು ತಿಂಗಳಿಂದ ಮಾತನಾಡಿಲ್ಲ ಎಂದು ಹೇಳಿದ. ಕಾರಣ ಒಂದು ಕಂಪ್ಯೂಟರ್ ಆಟ. ಅದರ ಮೊದಲ ಭಾಗವನ್ನು ಇಬ್ಬರೂ ಜೊತೆಯಾಗಿ ಎಂಟು ವರ್ಷ ಆಡಿದ್ದರು. ಈಗ ಎರಡನೆಯ ಭಾಗ ಬರುವುದಿದೆ. ಅದು ಅದ್ಭುತವಾಗಿರುತ್ತದೆ ಎಂದು ನಿಜಗುಣ ಹೇಳಿದ. ಅದು ಬಿದ್ದುಹೋಗುತ್ತದೆ, ಇನ್ನೊಂದು ಕಂಪನಿಯ ಆಟವೇ ಗೆಲ್ಲುತ್ತದೆ ಎಂದು ಭರಮೇಶ ಹೇಳಿದ. ಆಟದ ಗೆಳೆಯರ ಫೋನ್ ಗ್ರೂಪಿನಲ್ಲಿ ಮಾತಿಗೆ ಮಾತು ಬೆಳೆಯಿತು. ನಿಜಗುಣ ಅವನನ್ನು ಗ್ರೂಪಿನಿಂದಲೇ ತೆಗೆದುಹಾಕಿದ.

"ಆಟವನ್ನು ನೀನು ನೋಡಿದ್ದೀಯಾ?"

"ಇಲ್ಲ. ಒಂದು ನಿಮಿಷದ ಟ್ರೈಲರ್ ಬಂದಿದೆ. ಅದನ್ನು ನಿಲ್ಲಿಸಿ ನಿಲ್ಲಿಸಿ ನೂರು ಸಲ ನೋಡಿದ್ದೇನೆ."

"ಅವನು ನೋಡಿದ್ದಾನೆಯೇ?"

"ಅವನೂ ಇಲ್ಲ. ಇನ್ನು ಒಂಬತ್ತು ದಿನಕ್ಕೆ ಆಟ ಬರುತ್ತದೆ. ಯಾರು ಸರಿ ಎಂದು ಆಗ ಗೊತ್ತಾಗುತ್ತದೆ. ನಾನು ಸರಿ ಎಂದಾದರೆ ಅವನೇ ಬರಬೇಕಲ್ಲವೇ?"

ಗುರು ಹೇಳಿದರು. "ನನಗೆ ಒಂದು ಕತೆ ಗೊತ್ತು. ಅದನ್ನು ಕೇಳಿ ಒಬ್ಬನಾದರೂ ಬದಲಾದದ್ದನ್ನು ನಾನು ಈವರೆಗೆ ಕಂಡಿಲ್ಲ. ಆದರೂ ಹೇಳುತ್ತೇನೆ. ಬೇರೆ ಏನು ತಾನೇ ಮಾಡಲಿ?"

ಕತೆ ಹೀಗಿತ್ತು.

ಒಂದು ಊರಿನವರಿಗೆ ಆಟವೆಂದರೆ ಪ್ರಾಣ. ಊಟ ತಡವಾದರೆ ತಡೆದುಕೊಳ್ಳುತ್ತಿದ್ದರು, ಆಟ ತಡವಾದರೆ ತಡೆದುಕೊಳ್ಳುತ್ತಿರಲಿಲ್ಲ. ಊರಿಗೆ ಎರಡು ಬೀದಿ. ಮೂಡಲ ಬೀದಿಯಲ್ಲಿ ಒಬ್ಬ ಬಡಗಿ, ಪಡುವಲ ಬೀದಿಯಲ್ಲಿ ಒಬ್ಬ ಬಡಗಿ. ಇಬ್ಬರೂ ಆಟದ ಮಣೆ ಮಾಡುವುದರಲ್ಲಿ ನುರಿತವರು. ಪಗಡೆಯ ಹಾಸು, ಅಳಗುಳಿಮಣೆ, ಹುಲಿಕುರಿಯ ಮಣೆ ಎಲ್ಲವನ್ನೂ ಮಾಡುತ್ತಿದ್ದರು. ನಾಲ್ಕೈದು ವರ್ಷಕ್ಕೊಮ್ಮೆ ಇಬ್ಬರಲ್ಲಿ ಯಾರಾದರೊಬ್ಬರು ಅದುವರೆಗೆ ಯಾರೂ ಆಡದ ಆಟವೊಂದನ್ನು ತಾವೇ ಕಟ್ಟಿ ಊರಿಗೆ ಕೊಡುತ್ತಿದ್ದರು. ಆ ದಿನ ಊರಿನಲ್ಲಿ ಒಲೆ ಹೊತ್ತುತ್ತಿರಲಿಲ್ಲ.

ಮೂಡಲ ಬೀದಿಯಲ್ಲಿ ಒಬ್ಬ ಕಮ್ಮಾರನಿದ್ದ. ಅದೇ ಬೀದಿಯಲ್ಲಿ ಒಬ್ಬ ಬಳೆಗಾರನಿದ್ದ. ಇಬ್ಬರೂ ಗೆಳೆಯರು. ಕಮ್ಮಾರ ಹಗಲೆಲ್ಲ ಕುಲುಮೆಯ ಮುಂದೆ ಕುಳಿತವನು, ಬಳೆಗಾರ ಹಗಲೆಲ್ಲ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಮನೆ ಮನೆ ತಿರುಗಿದವನು. ಸಂಜೆ ಬಳೆಗಾರನ ಜಗಲಿಯಲ್ಲಿ ಎದುರುಬದುರು ಕುಳಿತು ಹುಲಿಕುರಿ ಆಡುತ್ತಿದ್ದರು. ಹುಲಿ ಹಾರಿ ಕುರಿಯನ್ನು ತಿನ್ನಬೇಕು, ಕುರಿಗಳು ಒಟ್ಟಾಗಿ ಹುಲಿಯನ್ನು ಕಟ್ಟಿಹಾಕಬೇಕು. ಕಮ್ಮಾರ ಮೂರು ಹುಲಿಗಳನ್ನು ಕಬ್ಬಿಣದಲ್ಲಿ ಬಡಿದು ತಂದಿದ್ದ. ಬಳೆಗಾರನ ಕುರಿಗಳೆಲ್ಲ ಬಳೆಯ ಚೂರು. ಇಪ್ಪತ್ತೆರಡು ವರ್ಷ ಹೀಗೆ ಆಡಿದರು. ಯಾರು ಎಷ್ಟು ಗೆದ್ದರು ಎಂದು ಇಬ್ಬರೂ ಎಣಿಸಿರಲಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ದೀಪ ಹಚ್ಚಿದ ಮೇಲೆ ಕಾಯಿ ಮುಟ್ಟಬಾರದು. ಆಟ ಅರ್ಧಕ್ಕೆ ನಿಂತರೆ ಕಾಯಿಗಳನ್ನು ಇದ್ದಲ್ಲಿಯೇ ಬಿಟ್ಟು, ಸರದಿ ಯಾರದೋ ಅವರ ಕಡೆಗೆ ಒಂದು ಹುಣಸೆ ಬೀಜ ಇಟ್ಟು, ಮಣೆಯ ಮೇಲೆ ಬುಟ್ಟಿ ಕವುಚಬೇಕು. ಮರುದಿನ ಸರದಿಯವನೇ ಬಂದು ಬುಟ್ಟಿ ಎತ್ತಬೇಕು. ಬೇರೆಯವನು ಎತ್ತಿದರೆ ಆಟ ಕೆಟ್ಟಂತೆ. ಕಸ ಗುಡಿಸುವ ಹೆಂಗಸರು ಕೂಡ ಬುಟ್ಟಿಯ ಸುತ್ತ ಗುಡಿಸುತ್ತಿದ್ದರೇ ಹೊರತು ಅದನ್ನು ಸರಿಸುತ್ತಿರಲಿಲ್ಲ.

ಒಂದು ಸಂಕ್ರಾಂತಿಯ ಮಗ್ಗುಲಲ್ಲಿ ಮೂಡಲ ಬೀದಿಯ ಬಡಗಿ ಒಳ್ಳೆಯ ಬೀಟೆ ಮರ ತರಿಸಿದ. ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕುಳಿತ. ಹಿತ್ತಲಲ್ಲಿ ಮರದ ಚಕ್ಕೆ ಬೀಳತೊಡಗಿತು.

ಮೊದಲು ಒಬ್ಬ ಒಂದು ಚಕ್ಕೆ ಎತ್ತಿಕೊಂಡು ಬಂದ. ಅದು ಬಾಗಿದ ಚಕ್ಕೆ. "ಇದು ಆನೆಯ ಸೊಂಡಿಲು ಕೆತ್ತುವಾಗ ಬಿದ್ದದ್ದು" ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಬಡಗಿ ಆನೆಗಳ ಹೊಸ ಆಟ ಮಾಡುತ್ತಿದ್ದಾನೆ ಎಂದು ಮಧ್ಯಾಹ್ನದೊಳಗೆ ಬೀದಿಗೆ ಬೀದಿಯೇ ಹೇಳಿತು. ಮರುದಿನದಿಂದ ಹಿತ್ತಲಲ್ಲಿ ಚಕ್ಕೆ ಬೀಳುವುದೇ ತಡ, ಹತ್ತು ಕೈ ಚಾಚುತ್ತಿದ್ದವು.

ಬೀದಿಯಲ್ಲಿ ಒಬ್ಬ ವೀಳ್ಯದ ಅಂಗಡಿಯವನಿದ್ದ. ಅವನು ಚಕ್ಕೆ ಓದಲು ಕುಳಿತ. ಉಳಿ ಹಿಡಿದು ಗೊತ್ತಿಲ್ಲದವನು, ಮಾತಿಗೆ ಮಾತ್ರ ಬರ ಇರಲಿಲ್ಲ. ಚಕ್ಕೆಯನ್ನು ಬಿಸಿಲಿಗೆ ಹಿಡಿಯುತ್ತಿದ್ದ, ಮೂಸುತ್ತಿದ್ದ, ನಾಲಿಗೆಗೆ ತಾಗಿಸುತ್ತಿದ್ದ. ಮಣೆಗೆ ಎಪ್ಪತ್ತೆರಡು ಮನೆ ಎನ್ನುತ್ತಿದ್ದ, ನಾಲ್ವರು ಕೂಡಿ ಆಡುವ ಆಟ ಎನ್ನುತ್ತಿದ್ದ. ನಿನ್ನೆ ಹೇಳಿದ್ದನ್ನು ಇಂದು ಅಲ್ಲ ಎಂದರೂ ಯಾರೂ ಪ್ರಶ್ನಿಸುತ್ತಿರಲಿಲ್ಲ. ಅವನ ಅಂಗಡಿಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಜನ ನಿಂತರು. ಪಡುವಲ ಬೀದಿಯವರು ಬಿಟ್ಟಾರೆಯೇ? ಅವರೂ ತಮ್ಮ ಬಡಗಿಯ ಹಿತ್ತಲಿಗೆ ನುಗ್ಗಿದರು. ತಮ್ಮ ಆಟದಲ್ಲಿ ಕುದುರೆಗಳಿವೆ ಎಂದರು. ಆನೆ ದೊಡ್ಡದೋ ಕುದುರೆ ದೊಡ್ಡದೋ ಎಂದು ಬಾವಿಕಟ್ಟೆಯಲ್ಲಿ ಕೊಡಗಳು ಒಡೆದವು.

ಕಮ್ಮಾರನಿಗೂ ಹುಚ್ಚು ಹಿಡಿಯಿತು. ಮೊದಲ ವಾರ ಅವನಿಗೆ ಒಂದು ಚಕ್ಕೆ ಸಿಕ್ಕಿತು. ಅಂಗಡಿಯವನು ಅದನ್ನು ನೋಡಿ ಆನೆಯ ಕಿವಿ ಎಂದ. ಕಮ್ಮಾರ ಅದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ತಿರುಗಿದ. ಕುಲುಮೆಯಲ್ಲಿ ಕಾದ ಕಬ್ಬಿಣ ಆರಿಹೋದರೂ ಚಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಸಂಜೆಯ ಆಟಕ್ಕೂ ಅದನ್ನು ತಂದ. ಬಳೆಗಾರ ಕಾಯಿ ನಡೆಸುವಾಗ ಕಮ್ಮಾರನ ಕಣ್ಣು ಮಣೆಯ ಮೇಲೆ ಇರುತ್ತಿರಲಿಲ್ಲ.

ಒಂದು ಸಂಜೆ ಹಾಗೆಯೇ ದೀಪ ಹಚ್ಚುವ ಹೊತ್ತಾಯಿತು. ಬಳೆಗಾರ ಹುಣಸೆ ಬೀಜವನ್ನು ಇಡಬೇಕಾದ ಕಡೆಗೆ ಇಟ್ಟು ಬುಟ್ಟಿ ಕವುಚಿದ. ಕಮ್ಮಾರ ನೋಡಲಿಲ್ಲ. ಚಕ್ಕೆಯನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ಎದ್ದುಹೋದ.

ಮರುದಿನ ಬೆಳಗ್ಗೆ ಬಳೆಗಾರ ಕೆಲಸಕ್ಕೆ ಹೊರಟವನು ವೀಳ್ಯದ ಅಂಗಡಿಯ ಮುಂದೆ ನಿಂತ. ಅಲ್ಲಿ ಕಮ್ಮಾರನೂ ಇದ್ದ. ಅಂಗಡಿಯವನು ಒಂದು ಉದ್ದನೆಯ ಚಕ್ಕೆ ಹಿಡಿದು ಇದು ಆನೆಯ ದಂತ ಎಂದು ಓದುತ್ತಿದ್ದ. ಬಳೆಗಾರನಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ, ಅದು ತೊಟ್ಲು ಚಕ್ಕೆ ಕಣ್ರಯ್ಯ. ಬಡಗಿ ಮಗಳಿಗೆ ಈಗ ಏಳು ತಿಂಗಳು. ಮೊನ್ನೆ ನಾನೇ ಹೋಗಿ ಬಸುರಿ ಬಳೆ ತೊಡಿಸಿ ಬಂದೆ. ತೊಟ್ಲು ಅರ್ಧ ಆಗೈತೆ, ಕಣ್ಣಾರೆ ಕಂಡೀನಿ."

ಅವನು ಹೇಳಿದ್ದು ನಿಜ. ಚೊಚ್ಚಲ ಬಸುರಿಗೆ ಬಳೆ ತೊಡಿಸಲು ಒಳಮನೆಯವರೆಗೆ ಹೋಗುವವನು ಆ ಊರಿನಲ್ಲಿ ಅವನೊಬ್ಬನೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರೆ. ಇಲ್ಲಿ ನಿಜವಾಗಿಯೂ ಒಂದು ಕೂಸು ಹುಟ್ಟುವುದಿತ್ತು, ಊರಿನವರು ಮಾತ್ರ ಕುಲಾವಿಯನ್ನು ಆಟಕ್ಕೆ ಹೊಲಿಸುತ್ತಿದ್ದರು.

ನಿಜ ಹೇಳಿದವನಿಗೆ ಏನಾಗುತ್ತದೆ ಎಂದು ನಿನಗೆ ಗೊತ್ತಿದೆ. ಅಂಗಡಿಯವನ ಮುಖ ಕಪ್ಪಿಟ್ಟಿತು. "ಪಡುವಲ ಬೀದೀಲೂ ಬಳೆ ಮಾರ್ತೀಯಲ್ಲ, ಅಲ್ಲಿಯವರು ಹೇಳಿಕೊಟ್ಟು ಕಳಿಸಿದ್ರಾ?" ಎಂದ. ಎಲ್ಲರೂ ಕಮ್ಮಾರನ ಕಡೆ ತಿರುಗಿದರು. ಅವನು ಬಳೆಗಾರನ ಗೆಳೆಯ. ಅವನ ಸೊಂಟದಲ್ಲಿ ಆನೆಯ ಕಿವಿ ಇತ್ತು. ಬೀದಿಯ ಜನ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಮೊದಲಿಂದ್ಲೂ ಇವನಿಗೆ ನಮ್ಮ ಬಡಗಿ ಕಂಡ್ರೆ ಆಗಲ್ಲ. ಹೊಟ್ಟೆಕಿಚ್ಚು, ಅಷ್ಟೇ" ಎಂದ ಕಮ್ಮಾರ.

ಬಳೆಗಾರ ಮಲಾರವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಹೋದ. ಆ ಸಂಜೆ ಕಮ್ಮಾರ ಜಗಲಿಗೆ ಹೋಗಲಿಲ್ಲ. ಸರದಿ ಬಳೆಗಾರನದು, ಕರೆಯಲಿ, ಎಂದುಕೊಂಡ. ತಾನು ಹುಲಿಯನ್ನು ನಡೆಸಿದ್ದು ಅವನಿಗೆ ನೆನಪಿತ್ತು. ಅದರ ನಂತರ ಏನಾಯಿತು ಎಂಬುದು ನೆನಪಿರಲಿಲ್ಲ, ನೆನಪಿಲ್ಲ ಎಂಬುದೂ ಅವನಿಗೆ ಹೊಳೆಯಲಿಲ್ಲ.

ಯುಗಾದಿಗೆ ಬಡಗಿಯ ಮಗಳು ಹೆತ್ತಳು. ತೊಟ್ಟಿಲು ಕಟ್ಟಿದರು, ಹೆಸರಿಟ್ಟರು. ಎಲ್ಲರೂ ಹೋಗಿ ಮಗುವನ್ನು ನೋಡಿ ಬಂದರು. ತೊಟ್ಟಿಲನ್ನೂ ನೋಡಿದರು. ಅದರ ಅಂಚಿನ ಬಳುಕು ತಮ್ಮ ಮನೆಯಲ್ಲಿರುವ ಚಕ್ಕೆಯ ಬಳುಕೇ ಎಂದು ಅವರಿಗೆ ತಿಳಿಯಲಿಲ್ಲ ಎನ್ನುತ್ತೀಯಾ? ತಿಳಿಯಿತು. ಆದರೆ ಯಾರೂ ಬಾಯಿ ಬಿಡಲಿಲ್ಲ. ಆಟದ ಕೆಲಸ ಮುಚ್ಚಿಡುವುದಕ್ಕೆ ಬಡಗಿ ತೊಟ್ಟಿಲಿನ ನೆಪ ಹೂಡಿದ್ದಾನೆ ಎಂದು ಅಂಗಡಿಯವನು ಓದಿ ಹೇಳಿದ. ಜನರಿಗೆ ಸಮಾಧಾನವಾಯಿತು.

ಆಟ ಯಾವಾಗ ಬರುತ್ತದೆ ಎಂದು ಬಡಗಿಯನ್ನೇ ಕೇಳಿದರು. ಅವನ ಬಳಿ ಯಾವ ಆಟವೂ ಇರಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆದ. ಅಂಗಳದ ತುಂಬ ಮುಖಗಳು. ಇಷ್ಟು ಜನ ಅವನ ಮನೆಯ ಮುಂದೆ ಎಂದೂ ನಿಂತಿರಲಿಲ್ಲ. ಅವನಿಗೆ ಹೆದರಿಕೆಯೂ ಆಯಿತು, ಹಿಗ್ಗೂ ಆಯಿತು. "ನಾಗರಪಂಚಮಿಗೆ" ಎಂದ. ಮರುದಿನ ಬೆಳಗ್ಗೆ ಎದ್ದು, ಎಂಥ ಆಟ ಮಾಡುವುದು ಎಂದು ಯೋಚಿಸತೊಡಗಿದ.

ನಾಗರಪಂಚಮಿ ಬಂತು, ಆಟ ಬರಲಿಲ್ಲ. ಮರ ಹಸಿ ಇದೆ ಎಂದ ಬಡಗಿ. ದಸರೆಗೆ ಎಂದ. ದಸರೆಗೆ ಬಣ್ಣ ಒಣಗಿಲ್ಲ ಎಂದ. ದೀಪಾವಳಿಗೆ ಕಾಯಿಗಳ ತೂಕ ಕೂಡುತ್ತಿಲ್ಲ ಎಂದ. ಪ್ರತಿ ಸಲವೂ ಬೀದಿ ಒಂದು ದಿನ ರೇಗಿತು, ಎರಡನೆಯ ದಿನ ಒಳ್ಳೆಯದಕ್ಕೆ ತಡ ಎಂದಿತು, ಮೂರನೆಯ ದಿನ ತಡವಾದದ್ದೇ ಹೆಮ್ಮೆ ಎಂಬಂತೆ ಎದೆಯುಬ್ಬಿಸಿ ನಡೆಯಿತು. ಪಡುವಲ ಬೀದಿ ಕೇಕೆ ಹಾಕಿತು. ಎರಡು ಬೀದಿಗಳ ನಡುವೆ ಗೊತ್ತಾಗಿದ್ದ ಒಂದು ಮದುವೆ ಮುರಿಯಿತು. ಆ ಹುಡುಗಿ ಹುಲಿಕುರಿಯ ಒಂದು ಕಾಯಿಯನ್ನೂ ಮುಟ್ಟಿದವಳಲ್ಲ.

ಇದರಲ್ಲಿ ಒಂದು ಸಂಗತಿಯನ್ನು ಯಾರೂ ಗಮನಿಸಲಿಲ್ಲ. ಆ ವರ್ಷ ಊರಿನಲ್ಲಿ ಯಾರೂ ಆಟವನ್ನೇ ಆಡಲಿಲ್ಲ. ಹಳೆಯ ಮಣೆಗಳು ನೀರಿನ ಹಂಡೆಗೆ ಮುಚ್ಚಳವಾದವು. ಹೊಸದು ಬರುವಾಗ ಹಳೆಯದನ್ನು ಯಾರು ಮುಟ್ಟುತ್ತಾರೆ? ಆಟದ ಊರು ಆಟ ಬಿಟ್ಟು ಆಟದ ಮಾತಿನಲ್ಲಿ ಹೊಟ್ಟೆ ತುಂಬಿಸಿಕೊಂಡಿತು. ಕಮ್ಮಾರ ಇನ್ನೂ ಬಾರದ ಮಣೆಗೆ ಕಬ್ಬಿಣದ ಪೀಠ ಮಾಡಿದ. ಮಣೆಯ ಅಗಲ ಎಷ್ಟು ಎಂದು ಅಂಗಡಿಯವನನ್ನು ಕೇಳಿದ. ಅವನು ಗೇಣು ಹಾಕಿ ತೋರಿಸಿದ.

ಬಳೆಗಾರ ಒಬ್ಬನೇ ಪ್ರತಿ ಸಂಜೆ ತನ್ನ ಜಗಲಿಯಲ್ಲಿ ಕುಳಿತಿರುತ್ತಿದ್ದ. ಮುಂದೆ ಬುಟ್ಟಿ. ದೀಪ ಹಚ್ಚುವವರೆಗೆ ಇರುತ್ತಿದ್ದ, ಆಮೇಲೆ ಒಳಗೆ ಹೋಗುತ್ತಿದ್ದ. ಕಮ್ಮಾರ ಕುಲುಮೆ ಮುಚ್ಚಿ ಅದೇ ದಾರಿಯಲ್ಲಿ ಮನೆಗೆ ಹೋಗುತ್ತಿದ್ದ. ಓರೆಗಣ್ಣಿನಿಂದ ನೋಡುತ್ತಿದ್ದ. ನಾನೇ ಹೋಗಿ ಕಾಲು ಹಿಡಿಯಲಿ ಎಂದು ಬಳೆಗಾರ ಕಾಯುತ್ತಿದ್ದಾನೆ ಎಂದುಕೊಳ್ಳುತ್ತಿದ್ದ. ನಿಲ್ಲದೆ ಹೋಗುತ್ತಿದ್ದ. ಸೋಲುವ ಹೆದರಿಕೆಗೆ ಅವನು ಬುಟ್ಟಿ ಎತ್ತುತ್ತಿಲ್ಲ ಎಂದು ಅಂಗಡಿಯ ಮುಂದೆ ನಾಲ್ಕು ಜನರಿಗೆ ಹೇಳಿಯೂ ಹೇಳಿದ.

ಮಾರ್ಗಶಿರದ ಚಳಿಗೆ ಬಳೆಗಾರನಿಗೆ ಕೆಮ್ಮು ಹಿಡಿಯಿತು. ಮಲಾರ ಗೂಟಕ್ಕೆ ಹತ್ತಿತು. ಜಗಲಿಗೆ ಬರುವುದು ನಿಂತಿತು. ಹಾಸಿಗೆಯನ್ನು ಬಾಗಿಲಿಗೆ ನೇರವಾಗಿ ಹಾಕಿಸಿಕೊಂಡ. ಅಲ್ಲಿಂದ ಬುಟ್ಟಿ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಅವನ ಹೆಂಡತಿ ಕುಲುಮೆಗೆ ಬಂದಳು.

"ಅವರಿಗೆ ಬಾಳ ಕಷ್ಟ ಆಗೈತೆ ಅಣ್ಣ. ಒಂದ್ಸಲ ಬಂದು ಬುಟ್ಟಿ ಎತ್ತಬೇಕಂತೆ. ಸರದಿ ನಿಮ್ದಂತೆ."

"ಸರದಿ ಅವನ್ದೇ ಕಣವ್ವ, ನಂಗೆ ಚೆನ್ನಾಗಿ ಗ್ಯಾನ ಐತೆ. ಸಂಕ್ರಾಂತಿ ಕಳೆದ ಸೋಮವಾರ ಆಟ ಬರುತ್ತೆ. ಅದನ್ನ ಹಿಡ್ಕೊಂಡೇ ಬರ್ತೀನಿ. ಆನೆನೋ ತೊಟ್ಲೋ ಆಗ ಅವನೇ ಹೇಳ್ಲಿ."

ಅವಳು ಹಿಂದಿರುಗಿ ಹೋದಳು.

ಕಮ್ಮಾರ ಕೆಟ್ಟವನು ಎಂದುಕೊಳ್ಳಬೇಡ. ಅವಳು ಹೋದ ಮೇಲೆ ಅವನ ಕೈಗೆ ಸುತ್ತಿಗೆ ಎತ್ತಲಾಗಲಿಲ್ಲ. ಆ ವಾರದಲ್ಲಿ ಮೂರು ಸಲ ಗೆಳೆಯನ ಮನೆಯ ಕಡೆಗೆ ಹೆಜ್ಜೆ ಹಾಕಿದ, ಮೂರು ಸಲವೂ ತಿರುವಿನಿಂದ ಹಿಂದಿರುಗಿದ. ಅವನಿಗೆ ಗೆಳೆಯ ಬೇಕಾಗಿತ್ತು. ಆದರೆ ಬರಿಗೈಯಲ್ಲಿ ಹೋಗಲು ಮನಸ್ಸು ಒಪ್ಪಲಿಲ್ಲ. ತಾನು ಸರಿ ಎಂಬುದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಆಮೇಲೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಡಬೇಕು ಎಂದುಕೊಂಡಿದ್ದ. ಕ್ಷಮಿಸುವ ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದ. ಸೋಮವಾರಕ್ಕೆ ಇನ್ನೆಷ್ಟು ದಿನ, ಹತ್ತು. ಹತ್ತು ದಿನದಲ್ಲಿ ಏನಾಗುತ್ತದೆ?

ಆ ಸೋಮವಾರ ಬಡಗಿ ಮಾತು ತಪ್ಪಲಿಲ್ಲ. ಕೋಳಿ ಕೂಗುವ ಮೊದಲೇ ಅವನ ಬಾಗಿಲಿಗೆ ಸಾಲು ನಿಂತಿತು. ಮೂಡಲ ಬೀದಿಯ ಗಂಡಸರೆಲ್ಲ ಅಲ್ಲಿದ್ದರು. ಸಾಲು ತಿರುವು ದಾಟಿ ಬಾವಿಕಟ್ಟೆಯವರೆಗೆ ಹೋಗಿತ್ತು. ಕಮ್ಮಾರ ಬೇಗ ಬಂದಿದ್ದ, ಮುಂದೆಯೇ ಜಾಗ ಸಿಕ್ಕಿತ್ತು. ಬಿಸಿಲೇರಿದ ಮೇಲೆ ಬಾಗಿಲು ತೆರೆಯಿತು. ಬಟ್ಟೆ ಸುತ್ತಿದ ಮಣೆಗಳು ಒಂದೊಂದಾಗಿ ಹೊರಗೆ ಬಂದವು. ಜನ ಕೂಗಿದರು, ಕುಣಿದರು.

ಆಗ ಬಳೆಗಾರನ ಹೆಂಡತಿ ಬಂದಳು. ಸಾಲನ್ನು ಒಂದು ತುದಿಯಿಂದ ನೋಡುತ್ತ ಬಂದು ಕಮ್ಮಾರನ ಎದುರು ನಿಂತಳು. ತಲೆಗೂದಲು ಕೆದರಿತ್ತು.

"ಉಸಿರು ಸಿಕ್ತಿಲ್ಲ ಅಣ್ಣ. ನಿಮ್ಮ ಹೆಸರೇ ಹೇಳ್ತಾವ್ರೆ. ಈಗ್ಲೇ ಬನ್ನಿ."

ಕಮ್ಮಾರ ಮುಂದೆ ನೋಡಿದ. ಹಿಂದೆ ನೋಡಿದ. ಸಾಲು ಬಿಟ್ಟರೆ ಮತ್ತೆ ಬಾವಿಕಟ್ಟೆಯಿಂದ ಬರಬೇಕು.

"ಇನ್ನು ಮೂರೇ ಜನ ಕಣವ್ವ. ನೀ ನಡಿ, ತಗೊಂಡು ಓಡಿ ಬಂದೆ" ಎಂದ.

ಅವಳು ಅವನ ಮುಖವನ್ನು ಒಂದು ಕ್ಷಣ ನೋಡಿದಳು. ತಿರುಗಿ ಓಡಿದಳು.

ಮೂರೇ ಜನ. ಮೊದಲನೆಯವನು ಬೇಗ ಮುಗಿಸಿದ. ಎರಡನೆಯವನು ಬಡಗಿಯ ಪಾದ ಮುಟ್ಟಿ ನಮಸ್ಕರಿಸಿದ. ಮೂರನೆಯವನು ತನ್ನ ಮಣೆಯ ಬಟ್ಟೆ ಬಿಚ್ಚಿ, ಅಂಚು ಸವರಿ ನೋಡಿ, ಬೇರೆ ಕೊಡು ಎಂದ. ಕಮ್ಮಾರ ಹಲ್ಲು ಕಚ್ಚಿಕೊಂಡು ನಿಂತ. ಕೊನೆಗೆ ಅವನ ಕೈಗೂ ಒಂದು ಮಣೆ ಬಂತು. ಬಟ್ಟೆಯನ್ನೂ ಬಿಚ್ಚದೆ ಎದೆಗೆ ಒತ್ತಿಕೊಂಡು ಓಡಿದ. ಇದನ್ನು ನಾನು ಅವನ ಪರವಾಗಿ ಹೇಳುತ್ತೇನೆ. ಅವನು ಬಿಚ್ಚಿ ನೋಡಲಿಲ್ಲ, ನಿಜವಾಗಿಯೂ ಓಡಿದ.

ಬಳೆಗಾರನ ಹೆಂಡತಿ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದಳು. ಅಳುತ್ತಿರಲಿಲ್ಲ.

"ಈಗ ಹೋದ್ರು ಅಣ್ಣ" ಎಂದಳು.

ಕಮ್ಮಾರ ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಬಳೆಗಾರನ ಮುಖ ಬಾಗಿಲ ಕಡೆಗೇ ತಿರುಗಿತ್ತು. ಕಣ್ಣು ಮುಚ್ಚಿರಲಿಲ್ಲ. ಹೊಸ ಮಣೆ ಕಮ್ಮಾರನ ಕೈಯಿಂದ ಜಾರಿ ಜಗಲಿಯ ಮೂಲೆಗೆ ಬಿತ್ತು. ಅವನು ಕೆಳಗೆ ಕುಳಿತ. ಕೈ ಚಾಚಿ ಬುಟ್ಟಿಯನ್ನು ಎತ್ತಿದ.

ಒಂದು ವರ್ಷದ ಧೂಳು ಬುಟ್ಟಿಯ ಅಂಚಿನ ಸುತ್ತ ಗೆರೆ ಕಟ್ಟಿತ್ತು. ಒಳಗೆ ಎಲ್ಲವೂ ಇದ್ದ ಹಾಗೆಯೇ ಇತ್ತು. ಹಸಿರು ಬಳೆಯ ಚೂರುಗಳು ಹೊಳೆಯುತ್ತಿದ್ದವು. ಹುಣಸೆ ಬೀಜ ಕಮ್ಮಾರನ ಕಡೆಗಿತ್ತು.

ಅವನು ಅದನ್ನೇ ನೋಡುತ್ತ ಕುಳಿತ. ಬೀಜ ತನ್ನ ಕಡೆಗಿತ್ತು, ಅಂದರೆ ಸರದಿ ತನ್ನದು. ವರ್ಷವಿಡೀ ತನ್ನದೇ ಆಗಿತ್ತು. ಆ ಬುಟ್ಟಿಯನ್ನು ಎತ್ತುವ ಹಕ್ಕು ಊರಿನಲ್ಲಿ ಅವನೊಬ್ಬನಿಗೇ ಇತ್ತು. ಬಳೆಗಾರ ಅದನ್ನು ಬಲ್ಲವನಾಗಿದ್ದೂ ಎತ್ತಲಾರದೆ, ಎದುರಿಗೆ ಕುಳಿತು, ಆಮೇಲೆ ಮಲಗಿ, ಕಾದಿದ್ದ. ಎತ್ತಿ ತೋರಿಸಿದ್ದರೆ ಅವನ ಮಾತು ಗೆಲ್ಲುತ್ತಿತ್ತು, ಆದರೆ ಆಟ ಕೆಡುತ್ತಿತ್ತು. ಆಟ ಕೆಡುವುದು ಅವನಿಗೆ ಬೇಡವಾಗಿತ್ತು.

ಕಮ್ಮಾರ ನಡುವಿನ ಹುಲಿಗೆ ಕೈ ಹಾಕಿದ. ಅದು ಬರಲಿಲ್ಲ. ಕಬ್ಬಿಣ ತುಕ್ಕು ಹಿಡಿದು ಮಣೆಗೆ ಅಂಟಿತ್ತು. ಉಗುರು ಹಾಕಿ ಎಬ್ಬಿಸಿದ. ಹುಲಿ ಇದ್ದಲ್ಲಿ ಕೆಂಪಗಿನ ಕಲೆ ಉಳಿಯಿತು. ಒಂದು ಮನೆ ನಡೆಸಿದ. ಬೀಜವನ್ನು ತೆಗೆದು ಎದುರು ಕಡೆಗೆ ಇಟ್ಟ. ಆಮೇಲೆ ಕಾದ.

ಎದುರಿಗೆ ಯಾರೂ ಇರಲಿಲ್ಲ. ಅವನಿಗೂ ಅದು ಗೊತ್ತಿತ್ತು. ಆದರೂ ಕಾದ.

ತುಂಬ ಹೊತ್ತಿನ ಮೇಲೆ ಬಳೆಗಾರನ ಹೆಂಡತಿ ಹೇಳಿದಳು. "ಏಳಿ ಅಣ್ಣ. ಹೆಗಲು ಕೊಡೋಕೆ ಜನ ಇಲ್ಲ, ಎಲ್ಲಾ ಅಲ್ಲೇ ಅವ್ರೆ."

ಇಬ್ಬರು ದಾಯಾದಿಗಳು ಪಕ್ಕದ ಊರಿನಿಂದ ಬರುವವರೆಗೆ ಹೆಣ ಕಾಯಿತು. ನಾಲ್ಕನೆಯ ಹೆಗಲಿಗೆ ಒಬ್ಬ ಬೇಕಾಗಿತ್ತು. ಸಾಲಿನಲ್ಲಿದ್ದ ಒಬ್ಬ ನೆರೆಯವನು ತನ್ನ ಮಣೆ ಕೈಗೆ ಬಂದ ಮೇಲೆ ಬಂದ. ಮುದುಕಿಯರು ಬಳೆಗಾರನ ಹೆಂಡತಿಯನ್ನು ಕೂರಿಸಿ ಅವಳ ಕೈಯ ಬಳೆ ಒಡೆದರು. ಅವು ಅವನೇ ತೊಡಿಸಿದ ಬಳೆ. ಚೂರುಗಳು ಜಗಲಿಯ ಮೇಲೆ ಬಿದ್ದವು. ಅವನಿದ್ದಿದ್ದರೆ ಒಳ್ಳೆಯ ಚೂರುಗಳನ್ನು ಕುರಿಗಳಿಗೆಂದು ಆರಿಸಿ ಎತ್ತಿಡುತ್ತಿದ್ದ. ಅವತ್ತು ಕಸದ ಜೊತೆಗೆ ಗುಡಿಸಿದರು.

ಕಮ್ಮಾರ ಮುಂದಿನ ಹೆಗಲು ಕೊಟ್ಟ. ಹೆಣ ವೀಳ್ಯದ ಅಂಗಡಿಯ ಮುಂದೆ ಬಂದಾಗ ಅಲ್ಲಿ ಜನ ಮುತ್ತಿಕೊಂಡಿದ್ದರು. ಪಡುವಲ ಬೀದಿಯ ಬಡಗಿಯ ಹಿತ್ತಲಿನಿಂದ ಯಾರೋ ಒಂದು ಚಕ್ಕೆ ಕದ್ದು ತಂದಿದ್ದರು. ಅಂಗಡಿಯವನು ಅದನ್ನು ಬಿಸಿಲಿಗೆ ಹಿಡಿದಿದ್ದ. ಹೆಣಕ್ಕೆ ದಾರಿ ಬಿಡಿ ಎಂದು ಎರಡು ಸಲ ಕೂಗಬೇಕಾಯಿತು. ದಾರಿ ಬಿಟ್ಟರು.

ಇಲ್ಲಿಗೆ ಗುರು ನಿಲ್ಲಿಸಿದರು.

ಮಠದ ಅಂಗಳದಲ್ಲಿ ಸಂಜೆಯಾಗುತ್ತಿತ್ತು. ನಿಜಗುಣ ತಲೆ ಬಗ್ಗಿಸಿ ಕುಳಿತಿದ್ದ. ಅವನ ಕಣ್ಣು ಒದ್ದೆಯಾಗಿತ್ತು. ಅವನು ಜೇಬಿನಿಂದ ಫೋನು ತೆಗೆದ. ಭರಮೇಶನ ಹೆಸರನ್ನು ಹುಡುಕಿ ತೆಗೆದ. ಬೆರಳು ಹೆಸರಿನ ಮೇಲೆ ನಿಂತಿತು. ಗುರು ಅದನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಏನೋ ಒಂದು ಆಸೆ ಮೂಡಿತ್ತು.

ನಿಜಗುಣ ಬೆರಳನ್ನು ಎತ್ತಿದ. ತಲೆ ಎತ್ತಿ ಕೇಳಿದ.

"ಗುರುಗಳೇ, ಒಂದು ಮಾತು. ಆ ಹೊಸ ಆಟ ಕೊನೆಗೆ ಹೇಗಿತ್ತು?"

ಗುರು ಹೇಳಿದರು. "ಹೆಣಕ್ಕೆ ದಾರಿ ಬಿಡುತ್ತ, ಅಂಗಡಿಯ ಮುಂದಿದ್ದವರೂ ಕಮ್ಮಾರನನ್ನು ಅದನ್ನೇ ಕೇಳಿದರು."